ಏಳು ನಿಮಿಷ ಮುಂದಿನ ಗಡಿಯಾರ

ಚಾಮರಾಜಪೇಟೆಯಲ್ಲಿ ನಾನಿರುವ ರಸ್ತೆಯ ಕೊನೆಗೆ ಹೆಣ್ಣುಮಕ್ಕಳ ಹಳೆಯ ಶಾಲೆಯೊಂದಿದೆ. ಅದರ ನೆತ್ತಿಯ ಮೇಲೆ ಗಡಿಯಾರದ ಗೋಪುರ. ಗಡಿಯಾರಕ್ಕೆ ಎರಡು ಮುಖ, ಒಂದು ರಸ್ತೆಯ ಕಡೆಗೆ, ಇನ್ನೊಂದು ಶಾಲೆಯ ಅಂಗಳದ ಕಡೆಗೆ. ನಾನು ಹುಟ್ಟುವ ಮೊದಲಿನಿಂದಲೂ ಅದು ಏಳು ನಿಮಿಷ ಮುಂದೆಯೇ ನಡೆಯುತ್ತಿತ್ತು. ಹಾಗೆಂದು ಯಾರೂ ಅದನ್ನು ಕೆಟ್ಟ ಗಡಿಯಾರ ಎಂದದ್ದಿಲ್ಲ. ತಲೆ ಎತ್ತಿ ನೋಡುವುದು, ಏಳು ಕಳೆಯುವುದು, ಗಂಟೆ ಎಷ್ಟೆಂದು ಹೇಳುವುದು. ನಮ್ಮ ಬೀದಿಯ ಪದ್ಧತಿ ಅದು. ಮದುವೆಯಾಗಿ ಹೊಸದಾಗಿ ಬಂದ ಸೊಸೆಗೆ ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ಹೇಳಿಕೊಡುವಾಗಲೇ ಅತ್ತೆ ಇದನ್ನೂ ಹೇಳಿಕೊಡುತ್ತಿದ್ದಳು.

ನನ್ನ ಅಪ್ಪ ಆ ಶಾಲೆಯ ಜವಾನ. ಬಾಗಿಲು ತೆಗೆಯುವುದು, ಗಂಟೆ ಹೊಡೆಯುವುದು, ನೋಟಿಸು ಹಿಡಿದು ತರಗತಿಯಿಂದ ತರಗತಿಗೆ ಅಲೆಯುವುದು ಇವುಗಳ ಜೊತೆಗೆ ವಾರಕ್ಕೊಮ್ಮೆ ಗಡಿಯಾರಕ್ಕೆ ಕೀಲಿ ಕೊಡುವುದೂ ಅಪ್ಪನ ಕೆಲಸ. ಶಾಲೆಯ ಹಿಂಭಾಗದ ಒಂದು ಕೋಣೆಯಲ್ಲಿ ನಮ್ಮ ಸಂಸಾರ. ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಅಪ್ಪ ಮರದ ಮೆಟ್ಟಿಲು ಹತ್ತುತ್ತಿದ್ದರು, ನಾನು ಹಿಂದೆ. ಕಬ್ಬಿಣದ ಹ್ಯಾಂಡಲ್ ಹಿಡಿದು ತಿರುಗಿಸಿದರೆ ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತ, ಕೆಳಗಿಳಿದಿದ್ದ ತೂಕದ ಗುಂಡು ಮೇಲೆ ಬರುತ್ತಿತ್ತು. ಆ ಗುಂಡು ಮತ್ತೆ ನಿಧಾನವಾಗಿ ಇಳಿಯುವ ಬಲದಿಂದಲೇ ವಾರವೆಲ್ಲ ಗಡಿಯಾರ ನಡೆಯಬೇಕು. ನೂರ ಇಪ್ಪತ್ತು ಸುತ್ತು. ಎಣಿಸುವ ಕೆಲಸ ನನ್ನದು. ನಡುವೆ ಆಕಳಿಸಿದರೂ ಅಪ್ಪ ಬೈಯುತ್ತಿದ್ದರು.

ಏಳು ನಿಮಿಷ ಯಾಕೆ ಮುಂದೆ ಎಂದು ಕೇಳಿದರೆ ಅವರದು ಒಂದೇ ಉತ್ತರ. "ನಾನು ಕೆಲ್ಸಕ್ಕೆ ಸೇರ್ದಾಗ್ಲೂ ಏಳೇ ಇತ್ತಮ್ಮ. ಇಟ್ಟೋರು ಸುಮ್ನೆ ಇಟ್ಟಿರ್ತಾರಾ?"

ನನಗೆ ಆ ಉತ್ತರ ಯಾವತ್ತೂ ಒಪ್ಪಿಗೆಯಾಗಿರಲಿಲ್ಲ. ದೊಡ್ಡವಳಾಗಿ ಅಂಚೆ ಕಚೇರಿಗೆ ಸೇರಿದೆ. ಟಪಾಲು ಗಾಡಿ ಹೊರಡುವ ಹೊತ್ತಿಗೆ ಚೀಲ ಕಟ್ಟಿ ಮೊಹರು ಮಾಡಿರಬೇಕು, ಎರಡು ನಿಮಿಷ ತಡವಾದರೆ ಒಂದೂರಿನ ಕಾಗದವೆಲ್ಲ ಒಂದು ದಿನ ತಡ. ನಿವೃತ್ತಿಯವರೆಗೂ ಅದೇ ಕೆಲಸ. ಸಮಯದ ವಿಷಯ ಬಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ. "ಅಯ್ಯೋ, ಒಂದೈದು ನಿಮಿಷ ಹೆಚ್ಚುಕಮ್ಮಿ" ಎನ್ನುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ಹೀಗಿರುವಾಗ ನನ್ನ ಅಪ್ಪನ ಗಡಿಯಾರವೇ ಊರ ಮುಂದೆ ನಿಂತು ಸುಳ್ಳು ಹೇಳುತ್ತದಲ್ಲ ಎಂಬುದು ನನಗೆ ಒಳಗೊಳಗೇ ನಾಚಿಕೆಯ ವಿಷಯವಾಗಿತ್ತು.

ಅಪ್ಪ ಹೋದ ಮೇಲೆ ಬೇರೆ ಬೇರೆ ಜವಾನರು ಕೀಲಿ ಕೊಟ್ಟರು. ಆಮೇಲೆ ಆ ಕೆಲಸಕ್ಕೆ ಜನವೇ ಇಲ್ಲವಾಗಿ ಗಡಿಯಾರ ನಿಂತಿತು. ಮೂರು ಇಪ್ಪತ್ತು ತೋರಿಸುತ್ತ ಆರು ವರ್ಷ ನಿಂತೇ ಇತ್ತು. ಪಾರಿವಾಳಗಳು ಒಳಗೆ ಸಂಸಾರ ಹೂಡಿದವು. ಶಾಲೆಯ ಎದುರಿಗೆ ಹೂವು ಮಾರುವಾಕೆ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಇದೇ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಯಾರೋ ಒಮ್ಮೆ ಅವಳ ಹತ್ತಿರ, ಪಾಪ, ಗಡಿಯಾರ ಮೂರು ಇಪ್ಪತ್ತಕ್ಕೆ ನಿಂತುಬಿಟ್ಟಿದೆ ಎಂದರಂತೆ. "ಮೂರು ಹದಿಮೂರಕ್ಕೆ" ಎಂದು ತಿದ್ದಿದಳಂತೆ ಇವಳು. ನಿಂತ ಗಡಿಯಾರದಲ್ಲೂ ಏಳು ಕಳೆಯುವ ಜನ ನಮ್ಮವರು.

ಹೋದ ವರ್ಷ ಗೋಪುರದ ಗಾರೆ ಒಂದಿಷ್ಟು ಕಳಚಿ ಕೆಳಗೆ ಬಿತ್ತು. ಶಾಲೆಯನ್ನು ನಡೆಸುವ ಮಂಡಳಿಯ ಕಾರ್ಯದರ್ಶಿಗಳು ಬಂದು ನೋಡಿದರು. ಕೆಟ್ಟ ಮನುಷ್ಯರಲ್ಲ, ಮಕ್ಕಳ ತಲೆಯ ಮೇಲೆ ಬಿದ್ದರೆ ಏನು ಗತಿ ಎಂಬ ಚಿಂತೆ ಅವರದು. ಗೋಪುರವನ್ನು ರಿಪೇರಿ ಮಾಡಿಸುತ್ತೇವೆ, ಆದರೆ ಒಳಗಿನ ಕಬ್ಬಿಣದ ಯಂತ್ರವನ್ನು ಇಳಿಸಿ ಗುಜರಿಗೆ ಹಾಕಿ ಕರೆಂಟಿನ ಮೋಟರ್ ಕೂರಿಸುತ್ತೇವೆ ಎಂದರು. "ಕೀಲಿ ಕೊಡೋರು ಯಾರಿದಾರೆ ಮೇಡಂ ಈಗ? ಎಲ್ಲರ ಕೈಯಲ್ಲೂ ಮೊಬೈಲಿದೆ."

"ನಾನಿದೀನಿ" ಎಂದೆ. ಹೇಳಿದ ಮೇಲೆ ನನ್ನ ಮಂಡಿನೋವು ನೆನಪಾಯಿತು. ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಅಪ್ಪನ ಅಂಗೈಯ ಬೆವರು ಹತ್ತಿ ನುಣುಪಾದ ಹ್ಯಾಂಡಲ್ ಅದು. ಗುಜರಿಯ ಗಾಡಿಯಲ್ಲಿ ಅದು ಹೋಗುವುದನ್ನು ನನ್ನಿಂದ ನೋಡಲು ಸಾಧ್ಯವೇ ಇರಲಿಲ್ಲ.

ಇಂಥ ಯಂತ್ರ ಬಲ್ಲವರಿಗಾಗಿ ಪೇಟೆಯೆಲ್ಲ ಸುತ್ತಿದೆ. ಹತ್ತು ಅಂಗಡಿಯವರು ಆಗಲ್ಲವೆಂದು ಕೈ ಆಡಿಸಿದರು, ಒಬ್ಬ ಫೋನಿನಲ್ಲಿ ಫೋಟೋ ನೋಡಿ ನಕ್ಕ. ಕೊನೆಗೆ ಮಾಮೂಲ್‌ಪೇಟೆಯ ಗಲ್ಲಿಯೊಂದರಲ್ಲಿ, ಒಂದೇ ಬಾಗಿಲಷ್ಟು ಅಗಲದ ಅಂಗಡಿಯಲ್ಲಿ ಅವರು ಸಿಕ್ಕರು. ಎಪ್ಪತ್ತು ದಾಟಿದ ಹಿರಿಯರು. ಹಣೆಗೆ ಮೂರು ಬೆರಳಿನ ವಿಭೂತಿ, ಒಂದು ಕಣ್ಣಿಗೆ ಭೂತಗನ್ನಡಿ. ಅವರ ತಾತನ ಕಾಲದಿಂದ ಅದೇ ಗಲ್ಲಿ, ಅದೇ ಕಸುಬು. ಫೋಟೋವನ್ನು ದೊಡ್ಡದು ಮಾಡಿ ಒಂದೊಂದು ಚಕ್ರವನ್ನೂ ನೋಡಿದರು. ಕಣ್ಣಿನ ಗಾಜು ತೆಗೆದಿಟ್ಟು, "ಇದನ್ನ ಇಳಿಸ್ಬೇಡಿ ಅಂತ ಹೇಳಿ ತಾಯಿ. ನಾಳೆ ಬೆಳಿಗ್ಗೆ ಪೂಜೆ ಮುಗಿಸ್ಕೊಂಡು ಬರ್ತೀನಿ" ಎಂದರು.

ಬಂದರು. ಮೆಟ್ಟಿಲು ಹತ್ತಿ ಯಂತ್ರದ ಮುಂದೆ ನಿಂತು, ಚಪ್ಪಲಿ ಬಿಟ್ಟು, ಹಲ್ಲುಚಕ್ರವೊಂದರ ಮೇಲಿನ ಪಾರಿವಾಳದ ಗಲೀಜನ್ನು ತಮ್ಮ ಕರ್ಚೀಫಿನಲ್ಲೇ ಒರೆಸಿದರು. ಈಚೆಗೆ ತಮ್ಮ ಅಂಗಡಿಗೆ ಬರುವುದೆಲ್ಲ ಬರೀ ಸೆಲ್ ಬದಲಾಯಿಸುವ ಕೆಲಸವೆಂದೂ, ಇಂಥದ್ದನ್ನು ಮುಟ್ಟಿ ಇಪ್ಪತ್ತು ವರ್ಷವಾಯಿತೆಂದೂ ಹೇಳಿದರು. "ಇದೊಂದು ಓಡಿದ್ರೆ ಸಾಕು, ಅಂಗಡಿ ಮುಚ್ಚಿದ್ರೂ ನಂಗೆ ಚಿಂತೆಯಿಲ್ಲ" ಎಂದರು. ಆ ಕ್ಷಣದಿಂದ ಇದು ನನ್ನೊಬ್ಬಳ ಹಟವಾಗಿ ಉಳಿಯಲಿಲ್ಲ.

ಕಾರ್ಯದರ್ಶಿಗಳು ಒಂದು ಷರತ್ತಿನ ಮೇಲೆ ಒಪ್ಪಿದರು. ರಿಪೇರಿಯಾದ ಮೇಲೆ ಮೂರು ತಿಂಗಳು ನೋಡುತ್ತೇವೆ, ಅಷ್ಟರೊಳಗೆ ಗಡಿಯಾರ ನಿಂತರೆ, ಅಥವಾ ಟೈಮ್ ಸರಿಯಿಲ್ಲವೆಂದು ಬೀದಿಯವರಿಂದ ದೂರು ಬರುತ್ತಲೇ ಇದ್ದರೆ, ಯಂತ್ರ ಕೆಳಗೆ ಮೋಟರ್ ಮೇಲೆ. ನಾವು ಹೂಂ ಎಂದೆವು. ಬೀದಿಯವರು ದೂರು ಕೊಡುತ್ತಾರೆಂದು ಯಾರು ಕನಸು ಕಂಡಿದ್ದರು?

ರಿಪೇರಿ ಒಂದೂವರೆ ತಿಂಗಳು ನಡೆಯಿತು. ಹಳೆಯ ಗೋಡೆಗೆ ಸಿಮೆಂಟು ಬೇಡ, ಸುಣ್ಣದ ಗಾರೆಯೇ ಆಗಬೇಕೆಂದು ಹಟ ಹಿಡಿದು, ಅದು ಬಲ್ಲ ಮೇಸ್ತ್ರಿಯನ್ನೂ ಹುಡುಕಿದ್ದಾಯಿತು. ಯಜಮಾನರು (ಗಡಿಯಾರದ ಹಿರಿಯರನ್ನು ನಾನು ಹಾಗೇ ಕರೆಯುವುದು) ಚಕ್ರಗಳನ್ನು ಒಂದೊಂದಾಗಿ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಗಳ ನಡುವಿನ ಕೊಳೆಯನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದರು. ನಾನು ಬಟ್ಟೆಯಲ್ಲಿ ಒರೆಸಿ ಹಳೆಯ ಪೇಪರಿನ ಮೇಲೆ ಕ್ರಮವಾಗಿ ಇಡುತ್ತಿದ್ದೆ. ಹನ್ನೊಂದಕ್ಕೆ ನನ್ನ ಫ್ಲಾಸ್ಕಿನ ಕಾಫಿ, ಅವರ ಡಬ್ಬಿಯ ಕೋಡುಬಳೆ. ಇಬ್ಬರೂ ಹೆಚ್ಚು ಮಾತಿನವರಲ್ಲ. ನಿವೃತ್ತಿಯಾದ ಮೇಲೆ ಅಷ್ಟು ಸುಖವಾಗಿ ನಾನು ಬೇರೆ ಯಾವಾಗಲೂ ಇರಲಿಲ್ಲ.

ಓಡಿಸುವ ದಿನ ತೆಂಗಿನಕಾಯಿ ಒಡೆದು, ಯಂತ್ರಕ್ಕೆ ವಿಭೂತಿ ಕುಂಕುಮ ಇಟ್ಟೆವು. ಮುಳ್ಳುಗಳನ್ನು ಎಲ್ಲಿಗೆ ಇಡುವುದೆಂಬ ಪ್ರಶ್ನೆ ಬಂದಾಗ ನಾನು ಎದೆ ಉಬ್ಬಿಸಿ, "ಸರಿಯಾದ ಟೈಮಿಗೆ ಇಡಿ, ಒಂದು ಸೆಕೆಂಡೂ ಅತ್ತಿತ್ತ ಆಗ್ಬಾರ್ದು" ಎಂದೆ. ಯಜಮಾನರಿಗೆ ಮಹದಾನಂದ. ರೇಡಿಯೋದ ವಾರ್ತೆಗೆ ಮುಂಚಿನ ಪಿಪ್ ಶಬ್ದಕ್ಕೆ ದಿನಾ ಕೈಗಡಿಯಾರ ಸರಿಮಾಡಿಕೊಳ್ಳುವ ಮನುಷ್ಯ ಅವರು. "ಐವತ್ತು ವರ್ಷದಲ್ಲಿ ನನ್ನ ಕೈಯಿಂದ ತಪ್ಪು ಟೈಮ್ ಆಚೆ ಹೋಗಿಲ್ಲ ತಾಯಿ" ಎನ್ನುತ್ತ ಮುಳ್ಳು ಕೂರಿಸಿದರು. ಲೋಲಕ ಆಡತೊಡಗಿತು. ಕೆಳಗೆ ನಿಂತಿದ್ದ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು.

ಮಾರನೆಯ ದಿನದಿಂದ ಅನಾಹುತ ಶುರುವಾಯಿತು. ಆರು ವರ್ಷ ನಿಂತಿದ್ದ ಗಡಿಯಾರ ಓಡತೊಡಗಿದ್ದೇ ತಡ, ಇಡೀ ಬೀದಿಯ ಕಣ್ಣು ಹಳೆಯ ಅಭ್ಯಾಸಕ್ಕೆ ಮರಳಿತು. ತಲೆ ಎತ್ತಿದರು, ಏಳು ಕಳೆದರು, ಇನ್ನೂ ಹೊತ್ತಿದೆ ಎಂದುಕೊಂಡರು. ಶಾಲೆಯ ಮಕ್ಕಳು ಅಜ್ಜಿಯರ ಕೈ ಹಿಡಿದು ಆರಾಮವಾಗಿ ನಡೆದು ಬಂದು ಮುಚ್ಚಿದ ಗೇಟಿನ ಮುಂದೆ ನಿಂತರು. ಆಫೀಸಿಗೆ ಹೋಗುವವರು ಬಸ್ಸಿನ ಹಿಂಭಾಗವನ್ನು ನೋಡುತ್ತ ನಿಂತರು. ಹೂವಿನಾಕೆ ದೇವಸ್ಥಾನಕ್ಕೆ ಹಾರ ಕೊಡುವಷ್ಟರಲ್ಲಿ ಮಂಗಳಾರತಿ ಆಗಿಹೋಗಿತ್ತು. "ಏನಕ್ಕಾ, ಇಷ್ಟೆಲ್ಲಾ ರಿಪೇರಿ ಮಾಡ್ಸಿ ಏಳು ನಿಮ್ಷ ಹಿಂದೆ ಓಡೋ ಹಂಗೆ ಮಾಡಿದೀರಲ್ಲ!" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಈಗಿರುವುದೇ ಸರಿಯಾದ ಟೈಮ್ ಎಂದು ಶಾಲೆಯ ಗೇಟಿಗೆ ಬೋರ್ಡು ಹಾಕಿಸಿದೆ. ಎಲ್ಲರೂ ಓದಿದರು, ಹೌದಾ ಎಂದರು, ಮಾರನೆಯ ದಿನ ಮತ್ತೆ ಏಳು ಕಳೆದರು. ಹತ್ತು ದಿನದಲ್ಲಿ ಮಂಡಳಿಗೆ ದೂರಿನ ಕಾಗದಗಳು ಹೋದವು. ಎಲ್ಲದರಲ್ಲೂ ಒಂದೇ ಮಾತು: ಗಡಿಯಾರ ಹಿಂದಿದೆ.

ಕಾರ್ಯದರ್ಶಿಗಳು ನನ್ನನ್ನೂ ಯಜಮಾನರನ್ನೂ ಹತ್ತು ಗಂಟೆಗೆ ಶಾಲೆಗೆ ಬರಹೇಳಿದರು. ನಾನು ಮನೆಯ ಜಗಲಿಯಿಂದ ಗಡಿಯಾರ ನೋಡಿದೆ. ಹತ್ತಕ್ಕೆ ಎರಡು ನಿಮಿಷವಿತ್ತು. ಇನ್ನೂ ಸುಮಾರು ಹೊತ್ತಿದೆಯೆಂದು ಇನ್ನರ್ಧ ಲೋಟ ಕಾಫಿ ಬಗ್ಗಿಸಿಕೊಂಡು, ಸಾವಕಾಶವಾಗಿ ಸೆರಗು ಸರಿಮಾಡಿಕೊಂಡು ಹೋದೆ. ಒಳಗೆ ಹೋದಾಗ ಇಬ್ಬರೂ ನನ್ನನ್ನೇ ಕಾಯುತ್ತಿದ್ದರು. ಕಾರ್ಯದರ್ಶಿಗಳು ಮೊಬೈಲಿನಲ್ಲಿ ಟೈಮ್ ತೋರಿಸಿದರು, ಹತ್ತೂ ಹತ್ತು. ಜೀವಮಾನದಲ್ಲಿ ಮೊದಲ ಸಲ ನಾನು ತಡವಾಗಿ ಬಂದಿದ್ದೆ. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ನೀವೇ ಹೀಗಾದ್ರೆ ಹೇಗೆ ಮೇಡಂ?" ಎಂದರು ಅವರು, ಪಾಪ, ಮೆತ್ತಗೆ. "ಇನ್ನು ಎರಡು ವಾರ ಟೈಮ್ ಕೊಡ್ತೀನಿ. ದೂರು ನಿಲ್ಲದಿದ್ರೆ ಮೋಟರೇ ಗತಿ."

ಹೊರಗೆ ಬಂದು ಯಜಮಾನರಿಗೆ ಹೇಳಿದೆ, ಏಳು ನಿಮಿಷ ಮುಂದಿಟ್ಟುಬಿಡಿ ಎಂದು. ಅವರ ಮುಖ ಕೆಂಪಾಯಿತು. "ಮೊನ್ನೆ ನೀವೇ ತಾನೇ ಸೆಕೆಂಡೂ ಆ ಕಡೆ ಈ ಕಡೆ ಆಗ್ಬಾರ್ದು ಅಂದಿದ್ದು? ಗೊತ್ತಿದ್ದೂ ತಪ್ಪು ಟೈಮ್ ಇಡೋದು ಮೋಸ ತಾಯಿ. ನಂಗಾಗಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳಿ." ಚೀಲ ಹೆಗಲಿಗೇರಿಸಿಕೊಂಡು ಹೊರಟೇಹೋದರು. ಮಾರನೆಯ ದಿನ ಮಾಮೂಲ್‌ಪೇಟೆಗೇ ಹೋದೆ. ನೀರು ಕೊಟ್ಟರು, ಕೂರಿಸಿದರು, ಆದರೆ ಒಪ್ಪಲಿಲ್ಲ.

ಮುಳ್ಳನ್ನು ನಾನೇ ತಿರುಗಿಸಬಹುದಿತ್ತು, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಆದರೆ ಅವರ ಕೈ ಬೀಳದೆ ಆ ಯಂತ್ರ ಎರಡು ತಿಂಗಳೂ ಓಡದು. ಅದಕ್ಕಿಂತ ಹೆಚ್ಚಾಗಿ, ಅವರು ಹೇಳಿದ್ದು ನನ್ನದೇ ಮಾತು. ಜೀವನವೆಲ್ಲ ಬೇರೆಯವರಿಗೆ ನಾನು ಮಾಡಿದ ಉಪದೇಶವನ್ನೇ ನನ್ನ ಮುಂದೆ ಇಟ್ಟು ಹೋಗಿದ್ದರು.

ಅದಾದ ಮೂರನೆಯ ದಿನ ಬೆಳಿಗ್ಗೆ ರಾಗಿ ಬೀಸಿಸಿಕೊಂಡು ಬರುತ್ತಿದ್ದೆ. ಹಿಟ್ಟಿನ ಗಿರಣಿ ನಮ್ಮ ರಸ್ತೆಯ ಆ ತುದಿಯಲ್ಲಿದೆ. ಅಡ್ಡರಸ್ತೆಯಿಂದ ತಿರುಗಿದ ಕೂಡಲೇ, ಗಿರಣಿಯ ಮುಂದೆಯೇ, ಮೊದಲ ಸಲ ಗಡಿಯಾರ ಕಣ್ಣಿಗೆ ಬೀಳುತ್ತದೆ. ಅದಕ್ಕೂ ಹಿಂದೆ ಮರ ಮನೆ ಅಡ್ಡ. ಎಲ್ಲ ಗಲ್ಲಿಗಳ ಮಕ್ಕಳೂ ಅಲ್ಲಿ ಬಂದು ಸೇರುತ್ತವೆ, ಎಲ್ಲವೂ ಅಲ್ಲಿ ನಿಂತು ತಲೆ ಎತ್ತುತ್ತವೆ. ನಾನೂ ಚಿಕ್ಕವಳಿದ್ದಾಗ, ಅಪ್ಪ ಗಿರಣಿಗೆ ಕಳಿಸಿದಾಗಲೆಲ್ಲ, ಅಲ್ಲೇ ನಿಂತು ನೋಡುತ್ತಿದ್ದೆ. ಅಲ್ಲಿಂದ ಶಾಲೆಯ ಗೇಟಿಗೆ ಪುಟ್ಟ ಹುಡುಗಿಯೊಬ್ಬಳು ನಡೆದರೆ ಎಷ್ಟು ಹೊತ್ತು ಬೇಕು? ತಲೆಗೆ ಏನೋ ಹೊಳೆದು, ಹಿಟ್ಟಿನ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡೇ ಆಟೋ ಹತ್ತಿ ಮಾಮೂಲ್‌ಪೇಟೆಗೆ ಹೋದೆ.

"ನಿಮ್ಮ ವಾಚು ತಗೊಂಡು ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಗಿರಣಿ ಹತ್ರ ಬನ್ನಿ. ಒಂದು ಅಳತೆ ಮಾಡೋದಿದೆ" ಎಂದೆ. ಅಳತೆ ಎಂದ ಮೇಲೆ ಅವರು ಇಲ್ಲವೆನ್ನಲಿಲ್ಲ.

ಮಾರನೆಯ ದಿನ ಇಬ್ಬರೂ ಗಿರಣಿಯ ಮುಂದೆ ನಿಂತೆವು. ಒಂದನೇ ಕ್ಲಾಸಿನದೋ ಎರಡನೇ ಕ್ಲಾಸಿನದೋ ಮಗುವೊಂದು ಅಜ್ಜಿಯ ಕೈ ಹಿಡಿದು ಬಂತು. ಅವರು ತಲೆ ಎತ್ತಿ ಗಡಿಯಾರ ನೋಡಿದ ಕ್ಷಣಕ್ಕೆ ಯಜಮಾನರು ತಮ್ಮ ವಾಚು ನೋಡಿಕೊಂಡರು, ಹಿಂದೆಯೇ ಹೊರಟೆವು. ಮಗು ನಾಯಿಯನ್ನು ಮಾತಾಡಿಸಿತು, ನಾವೂ ನಿಂತೆವು. ಅಜ್ಜಿ ಸೊಪ್ಪಿನ ಗಾಡಿಯ ಹತ್ತಿರ ಬೆಲೆ ಕೇಳಿದರು, ನಾವೂ ಸೊಪ್ಪು ನೋಡಿದೆವು. ಮೂರನೆಯ ಸಲ ನಿಂತಾಗ ಆ ಅಜ್ಜಿ ತಿರುಗಿ, "ಯಾರ್ರೀ ನೀವು? ಆಗ್ಲಿಂದ ನೋಡ್ತಿದೀನಿ, ಹಿಂದೇನೇ ಬರ್ತಿದೀರಲ್ಲ!" ಎಂದು ಗದರಿಸಿದರು. "ಟೈಮ್ ನೋಡ್ತಿದೀವಿ ತಾಯಿ" ಎಂದು ಯಜಮಾನರು ವಾಚು ತೋರಿಸಿದರು. ಅಜ್ಜಿಗೆ ಅನುಮಾನ ಹೆಚ್ಚೇ ಆಯಿತು. ಮಗುವನ್ನು ಎತ್ತಿಕೊಂಡು ಓಡದಿದ್ದದ್ದು ನಮ್ಮ ಪುಣ್ಯ.

ಗೇಟು ತಲುಪಿದಾಗ ಯಜಮಾನರು ವಾಚಿನತ್ತ ನೋಡಿದರು. ಆಮೇಲೆ ಗೋಪುರದತ್ತ. ಮತ್ತೆ ವಾಚಿನತ್ತ.

"ಆರು ನಿಮಿಷ ಐವತ್ತು ಸೆಕೆಂಡು" ಎಂದರು.

"ಆ ತುದೀಲಿ ನಿಂತು ನೋಡೋ ಮಗೂಗೆ ಇದು ಈಗೆಷ್ಟು ಅಂತ ಹೇಳ್ತಿರ್ಲಿಲ್ಲ ಯಜಮಾನ್ರೇ. ಗೇಟಿಗೆ ಹೋಗೋ ಹೊತ್ತಿಗೆ ಎಷ್ಟಾಗಿರುತ್ತೆ ಅಂತ ಹೇಳ್ತಿತ್ತು. ಇಟ್ಟೋರು ಅಳತೆ ಮಾಡೇ ಇಟ್ಟಿದಾರೆ."

ಅವರು ತಿರುಗಿ ಗಿರಣಿಯ ಕಡೆ ನೋಡಿದರು. ಆಮೇಲೆ, "ಹತ್ತು ಸೆಕೆಂಡ್ ಕಮ್ಮಿ ಬಂತಲ್ಲ" ಎಂದರು.

"ಗೇಟಲ್ಲಿ ಟೀಚರ್‌ಗೆ ನಮಸ್ಕಾರ ಹೇಳೋಕೆ ಬೇಡ್ವಾ?"

ಯಜಮಾನರು ನಕ್ಕರು. ಆ ಒಂದು ನಗುವಿಗೆ ನನ್ನ ಎದೆಯ ಮೇಲಿನ ಭಾರವೆಲ್ಲ ಇಳಿದುಹೋಯಿತು. ಇಬ್ಬರೂ ಮೆಟ್ಟಿಲು ಹತ್ತಿದೆವು. ಅವರೇ ತಮ್ಮ ಕೈಯಾರೆ ಮುಳ್ಳನ್ನು ಏಳು ನಿಮಿಷ ಮುಂದೆ ತಳ್ಳಿದರು. ಕೆಳಗಿಳಿದು ಬಂದಾಗ ಹೂವಿನಾಕೆ ಮೇಲೆ ನೋಡಿ, "ಈಗ ಸರಿಹೋಯ್ತು ನೋಡಕ್ಕಾ" ಎಂದಳು.

ಇದೇ ನಿಜವಾದ ಕಾರಣವೆಂದು ನಾನು ಆಣೆ ಮಾಡಿ ಹೇಳಲಾರೆ. ಮೊದಲು ಮುಳ್ಳು ಇಟ್ಟವರು ಯಾರೋ, ಏನು ಯೋಚಿಸಿದ್ದರೋ. ಅವರ ಉಪಕಾರವನ್ನು ಏಳು ಕಳೆದು ಕಳೆದು ನಾವೇ ಹಾಳು ಮಾಡಿಕೊಂಡೆವು ಎಂಬುದೂ ನಿಜ. ಆದರೂ ಅಪ್ಪ ಸುಳ್ಳು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು ಎಂಬ ನನ್ನ ನಾಚಿಕೆ ಆವತ್ತಿಗೆ ಹೋಯಿತು. ಅಷ್ಟು ವರ್ಷ ಅಪ್ಪನನ್ನು ಮನಸ್ಸಿನಲ್ಲೇ ಹೀಯಾಳಿಸಿದ್ದಕ್ಕೆ ಆ ಶನಿವಾರ ಹ್ಯಾಂಡಲ್ ತಿರುಗಿಸುತ್ತ ಸ್ವಲ್ಪ ಅತ್ತೆ. ನೂರ ಇಪ್ಪತ್ತರ ಎಣಿಕೆ ತಪ್ಪಲಿಲ್ಲ.

ಮೂರು ತಿಂಗಳು ತುಂಬಿದ ದಿನ ಸಂಜೆ ಕಾರ್ಯದರ್ಶಿಗಳು ಬಂದರು. ಗಡಿಯಾರ ಒಮ್ಮೆಯೂ ನಿಂತಿರಲಿಲ್ಲ. ಮುಳ್ಳು ಮುಂದಿಟ್ಟ ಮೇಲೆ ದೂರು ಬಂದದ್ದು ಒಂದೇ ಒಂದು, ಹೊಸ ಅಪಾರ್ಟ್‌ಮೆಂಟಿಗೆ ಬಂದವರದು, ಗಡಿಯಾರ ಏಳು ನಿಮಿಷ ಮುಂದಿದೆ ಎಂದು.

"ಹೊಸಬ್ರು. ಕಲ್ತ್ಕೋತಾರೆ ಬಿಡಿ" ಎಂದೆ.

ಅವರು ತಲೆ ಚಚ್ಚಿಕೊಂಡು ನಕ್ಕರು. ಮೋಟರಿನ ಮಾತು ಇನ್ನಿಲ್ಲ, ಯಂತ್ರ ಮೇಲೆಯೇ ಇರಲಿ, ಕೀಲಿ ಕೊಡುವುದನ್ನು ಮಾತ್ರ ಮರೆಯಬೇಡಿ ಎಂದು ಹೇಳಿ ಹೊರಟರು. ಯಜಮಾನರು ಮೇಲೆ ಎಣ್ಣೆ ಹಾಕುತ್ತಿದ್ದರು. ಅವರಿಗೆ ಕೇಳಲೆಂದು ನಾನು ಮೆಟ್ಟಿಲ ಬುಡದಿಂದಲೇ ಕೂಗಿ ಹೇಳಿದೆ. ಸುಮಾರು ಹೊತ್ತಿನ ಮೇಲೆ ಅವರು ಕಣ್ಣು ಒರೆಸಿಕೊಳ್ಳುತ್ತ ಇಳಿದು ಬಂದು, ಎಣ್ಣೆ ಸಿಡಿಯಿತು ಎಂದರು. ನಾನೂ ನಂಬಿದವಳಂತೆ ತಲೆಯಾಡಿಸಿದೆ.

ರಸ್ತೆಗೆ ಬಂದು ಹೂವಿನಾಕೆಯ ಹತ್ತಿರ ನಿಂತೆವು. ಅವಳು ಯಜಮಾನರ ಮನೆಯ ಪೂಜೆಗೆಂದು ಎರಡು ಮೊಳ ಮಲ್ಲಿಗೆ ಅಳೆದು ಎಲೆಯಲ್ಲಿ ಸುತ್ತಿ ಕೊಟ್ಟಳು. ಅಷ್ಟರಲ್ಲಿ ಮೇಲೆ ಗಡಿಯಾರ ಗಂಟೆ ಹೊಡೆಯತೊಡಗಿತು. ಒಂದು, ಎರಡು, ಮೂರು. ಆರಕ್ಕೆ ನಿಂತಿತು.

"ಎಷ್ಟಾಯ್ತು ಯಜಮಾನ್ರೇ?" ಎಂದು ಬೇಕೆಂದೇ ಕೇಳಿದೆ.

ದಿನಾ ರೇಡಿಯೋಕ್ಕೆ ಸರಿಮಾಡಿದ ವಾಚು ಅವರ ಕೈಯಲ್ಲೇ ಇತ್ತು. ಅದನ್ನು ಅವರು ನೋಡಲಿಲ್ಲ. ತಲೆ ಎತ್ತಿ ಗೋಪುರ ನೋಡಿದರು. ತುಟಿ ಒಂದಿಷ್ಟು ಅಲುಗಿತು.

"ಐದು ಐವತ್ಮೂರು" ಎಂದರು.